ನೆಟ್ಟಗೆ ಕೂರು

ಹತ್ತು ವರ್ಷ ಒಂದೇ ಮಾತು ಹೇಳಿದ್ದೇನೆ ಅವಳಿಗೆ.
ಊಟದ ತಟ್ಟೆಯ ಮುಂದೆ, ಟ್ಯಾಬಿನ ಮುಂದೆ,
ಹ್ಯಾನ್ಲಿಗೆ ಹೋಗುವ ಬಸ್ಸಿನ ಮಹಡಿಯಲ್ಲಿ,
ಸೋಫಾದ ಮೂಲೆಯಲ್ಲಿ ಸಿಗಡಿಯ ಹಾಗೆ ಮುದುಡಿ
ಗೆಳತಿಗೆ ಮೆಸೇಜು ಕುಟ್ಟುತ್ತಿರುವಾಗ:
ನೆಟ್ಟಗೆ ಕೂರು, ಇಳಾ.
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ
ಎನ್ನುತ್ತಿದ್ದಳು ನನ್ನಮ್ಮ.
ನಾನು ಗಾದೆಯನ್ನೇ ತಿರುವಿ ಹಾಕಿದ್ದೆ:
ಗಿಡವಾಗಿ ಬಗ್ಗಿದ್ದು ಮರವಾಗಿ ನೆಟ್ಟಗಾದೀತೇ?

ನನ್ನ ಕೆಲಸವೂ ಅದೇ.
ಲಾಂಗ್ಟನ್ನಿನ ಪಿಂಗಾಣಿ ಕಾರ್ಖಾನೆಯಲ್ಲಿ
ಗೂಡಿನ ಬೆಂಕಿಯಿಂದ ಬಂದ ಬಸಿಗಳನ್ನು
ತಿರುಗುವ ಚಕ್ರದ ಮೇಲಿಟ್ಟು
ಅಂಚು ಎಲ್ಲಿ ಕೂದಲೆಳೆಯಷ್ಟು ಏರಿದೆ, ಎಲ್ಲಿ ಇಳಿದಿದೆ
ನೋಡುವುದು.
ಡೊಂಕಾದದ್ದರ ಬೆನ್ನಿಗೆ ಒಂದು ನೀಲಿ ಗೀಟು.
ಅದು ಸೆಕೆಂಡ್ಸ್ ಬುಟ್ಟಿಗೆ, ಅರ್ಧ ಬೆಲೆಗೆ.
ದಿನಕ್ಕೆ ಒಂಬೈನೂರು ಬಸಿ ನೋಡುವ ಕಣ್ಣು
ಮನೆಯಲ್ಲಿದ್ದ ಒಂದು ಬೆನ್ನು ನೋಡಲಿಲ್ಲ.

ನೋಡಿದವಳು ಶಾಲೆಯ ಈಜಿನ ಮೇಡಂ.
ಬಲಗಡೆಯ ರೆಕ್ಕೆಮೂಳೆ ಎದ್ದಿದೆ, ಯಾರಿಗಾದರೂ ತೋರಿಸಿ, ಎಂದಳು.
ತೋರಿಸುವ ಮೊದಲು ಬೈದೆ.
"ಹೇಳಿದ್ದೆನಲ್ಲ, ಬಡಕೊಂಡಿದ್ದೆನಲ್ಲ," ಎಂದೆ ಕಾರಿನಲ್ಲಿ.
ಸೀಟ್‌ಬೆಲ್ಟ್ ಬಿಗಿಯಾಗಿ ಹಿಡಿದು
ಅವಳು ನೆಟ್ಟಗೆ ಕೂತಳು,
ಮನೆ ಮುಟ್ಟುವುದರೊಳಗೆ ಸರಿಮಾಡಿಬಿಡುವವಳ ಹಾಗೆ,
ಒಂದು ಸಿಗ್ನಲ್ಲಿನಿಂದ ಇನ್ನೊಂದಕ್ಕೆ
ಉಸಿರು ಕಟ್ಟಿಕೊಂಡು.

ಎಕ್ಸ್‌ರೇಯಲ್ಲಿ ಹದಿಮೂರು ವರ್ಷದ ಬೆನ್ನೆಲುಬು.
ಡಾಕ್ಟರಿಗೆ ಅದು ಎಸ್.
ನನಗೆ ಅವಗ್ರಹ,
ತನಗೆ ತಾನೇ ಯಾವ ಸದ್ದೂ ಇಲ್ಲದ್ದು,
ಮೆಟ್ಟಿಲ ಕೆಳಗೆ ನಿಂತು ಊಟಕ್ಕೆ ಕೂಗುವಾಗ
ಅವಳ ಹೆಸರಿನ ಬಾಲಕ್ಕೆ ಅಂಟುವುದು:
ಇಳಾಽಽ.

ಮೂವತ್ತೊಂದು ಡಿಗ್ರಿ, ಎಂದರು.
ಪೆನ್ನಿನ ತುದಿಯಿಂದ ಸೊಂಟದ ಮೂಳೆಯ ಮೇಲಂಚು ತೋರಿಸಿ
ಇಲ್ಲಿನ್ನೂ ಮುಗುಳೂ ಬಂದಿಲ್ಲ, ಬೆಳೆಯುವುದು ಬಹಳ ಇದೆ,
ಒಳ್ಳೆಯದೂ ಅದೇ, ಕಷ್ಟವೂ ಅದೇ, ಎಂದರು.
ಕೂರುವ ರೀತಿಯಿಂದ ಬಂತೇ? ನಾನು ಕೇಳಿದೆ.
ಅಲ್ಲ. ಯಾಕೆ ಬರುತ್ತದೋ ನಮಗೂ ಪೂರಾ ಗೊತ್ತಿಲ್ಲ.
ಹೇಗೆ ಕೂತಿದ್ದರೂ ಬರುತ್ತಿತ್ತು.

ಇಳಾ ನನ್ನ ಕಡೆ ನೋಡಿದಳು. ಏನೂ ಅನ್ನಲಿಲ್ಲ.
ನನ್ನ ಹತ್ತು ವರ್ಷದ ಮಾತು
ಆ ಕೋಣೆಯಲ್ಲಿ ಕುರ್ಚಿ ಸಿಗದೆ
ನಿಂತೇ ಇತ್ತು.

ಅಚ್ಚು ತೆಗೆಯುವವನು ಕೋಕ್ಲಿ.
ಅವನಜ್ಜ ಟೀಪಾಟಿನ ಅಚ್ಚು ಮಾಡುತ್ತಿದ್ದನಂತೆ.
ಎಲ್ಲರೂ ನನ್ನ ಅಚ್ಚು ಎನ್ನುವ ಹುಡುಗಿಯ ಮೈಗೆ
ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತುತ್ತಾ
"ಒಂದು ನಿಮಿಷ ಅಲ್ಲಾಡಬೇಡ, ಡಕ್," ಎಂದ.
ಈ ಊರಲ್ಲಿ ಎಲ್ಲರೂ ಎಲ್ಲರಿಗೂ ಬಾತುಕೋಳಿಯೇ.
ಇಳಾಗೆ ನಗು ತಡೆಯಲಾಗಲಿಲ್ಲ.
ಪ್ಲಾಸ್ಟರು ಬಿರುಕು ಬಿಟ್ಟಿತು.
ಗೊಣಗದೆ ಮತ್ತೆ ಮೊದಲಿನಿಂದ ಸುತ್ತಿದ.

ಈಗ ದಿನಕ್ಕೆ ಇಪ್ಪತ್ತು ಗಂಟೆ ಬ್ರೇಸು,
ಸೊಂಟದಿಂದ ಕಂಕುಳವರೆಗೆ, ಮೂರು ಪಟ್ಟಿ.
ಬಿದ್ದ ಪೆನ್ಸಿಲ್ ಎತ್ತಲು ಮಂಡಿಯೂರಬೇಕು.
ಮೊದಲ ವಾರ ಅತ್ತಳು. ಎರಡನೇ ವಾರ
ಎದೆಯ ಮೇಲೆ ಟಕಟಕ ಬಡಿದು
"ಅಮ್ಮಾ, ಈಗ ಹೇಳು ನೋಡೋಣ ಆ ಮಾತು," ಎಂದಳು.
ಹುಳಿಯ ಸೌಟು ಕೈಯಲ್ಲೇ ಉಳಿಯಿತು.

ಸಂಜೆ ಆರರಿಂದ ಹತ್ತು ಅವಳದು.
ಪಟ್ಟಿಗಳು ಚರ್ರನೆ ಬಿಚ್ಚಿಕೊಳ್ಳುತ್ತವೆ,
ಬನಿಯನ್ನಿನ ಮಡಿಕೆ ಮೂಡಿದ ಕೆಂಪು ಚರ್ಮಕ್ಕೆ
ನಾನು ಸ್ಪಿರಿಟ್ ಹಚ್ಚುತ್ತೇನೆ.
ಆಮೇಲೆ ಅವಳು ಸೋಫಾದ ಮೇಲೆ
ಸುರಿದ ಹಿಟ್ಟಿನ ಹಾಗೆ ಹರಡಿಕೊಳ್ಳುತ್ತಾಳೆ.
ಕತ್ತು ಒಂದು ಕಡೆ, ಕಾಲು ಗೋಡೆಗೆ.
ಮುದುಡುತ್ತಾಳೆ, ಬಿಡಿಸಿಕೊಳ್ಳುತ್ತಾಳೆ, ನಿದ್ದೆ ಹೋಗುತ್ತಾಳೆ.
ಮೂಳೆಯ ತುದಿಗಳಲ್ಲಿ ಏನು ಕೆಲಸ ನಡೆದಿದೆಯೋ.

ರೇಡಿಯೇಟರಿನ ಪಕ್ಕ ನೆಲದ ಮೇಲೆ
ಟೊಳ್ಳು ಬ್ರೇಸು ಒಂದೇ
ನೆಟ್ಟಗೆ ಕೂತಿದೆ,
ಕೊನೆಗೂ ನನ್ನ ಮಾತು ಕೇಳಿ.

ಟೀವಿಯ ಸದ್ದು ತಗ್ಗಿಸುತ್ತೇನೆ.
ಹತ್ತಕ್ಕೆ ಇನ್ನೂ ಏಳು ನಿಮಿಷ ಇದೆ.